ಹೋಲ್ಸ್ಟ್ ನೊಟೇಶನ್ ದಾವಣಗೆರೆಯಲ್ಲಿ: ಐಎಂಎಸ್‌ಎಲ್‌ಪಿ ಎಷ್ಟು ಕೆಲಸಕ್ಕೆ ಬರುತ್ತದೆ?

ದಾವಣಗೆರೆಯಲ್ಲಿ ಪಿಟೀಲು, ಕೀಬೋರ್ಡ್ ಕಲಿಸುವವರಿದ್ದಾರೆ, ಬ್ಯಾಂಡ್‌ಸೆಟ್ ನುಡಿಸುವವರೂ ಇದ್ದಾರೆ. ಇವರೆಲ್ಲ ಒಟ್ಟಿಗೆ ಕೂತು ನುಡಿಸುವಂಥ ನೊಟೇಶನ್ ಬೇಕೆಂದಾಗ ತೊಡಕು ಶುರುವಾಗುತ್ತದೆ. ಹೊರದೇಶದ ಮುದ್ರಣ ತರಿಸಿದರೆ ಪುಸ್ತಕದ ಬೆಲೆಯ ಮೇಲೆ ಸಾಗಣೆ, ಸುಂಕ ಬೀಳುತ್ತದೆ. ಅದೂ ಸ್ಕೋರ್ (ಎಲ್ಲ ವಾದ್ಯಗಳ ಸಾಲು ಒಟ್ಟಿಗಿರುವ ಪುಸ್ತಕ) ಒಂದು ಕಡೆ, ಪಾರ್ಟ್‌ಗಳು (ಒಂದೊಂದು ವಾದ್ಯಕ್ಕೂ ಬೇರೆ ಹಾಳೆ) ಇನ್ನೊಂದು ಕಡೆ. ಐಎಂಎಸ್‌ಎಲ್‌ಪಿ ಎಂಬ ಉಚಿತ ನೊಟೇಶನ್ ಭಂಡಾರ ಈ ತೊಡಕನ್ನು ಎಷ್ಟರ ಮಟ್ಟಿಗೆ ಬಿಡಿಸುತ್ತದೆ ಎಂದು ನೋಡುವುದಕ್ಕೆ ಇಲ್ಲಿ ಒಬ್ಬನೇ ಸಂಗೀತಗಾರನ ಕೃತಿಗಳನ್ನು ಒರೆಗಲ್ಲಾಗಿ ಇಟ್ಟುಕೊಂಡಿದ್ದೇವೆ. ಆತ ಇಂಗ್ಲೆಂಡಿನ ಗುಸ್ಟಾವ್ ಹೋಲ್ಸ್ಟ್. ಅಂಕ ಐದಕ್ಕೆ ನಾಲ್ಕು. ಹೋದ ಆ ಒಂದರಲ್ಲಿ ಅರ್ಧ ತಾಣದ ಲೆಕ್ಕಕ್ಕೆ, ಅರ್ಧ ಅದನ್ನು ಕಾಗದಕ್ಕೆ ಇಳಿಸುವಾಗಿನ ಅವಸರದ ಲೆಕ್ಕಕ್ಕೆ.

ಹೋಲ್ಸ್ಟ್ ಯಾಕೆ ಎಂಬುದಕ್ಕೆ ಕಾರಣ ಇದೆ. ಈತ ಹೊಟ್ಟೆಪಾಡಿಗೆ ಮೇಷ್ಟ್ರು. 1874ರಲ್ಲಿ ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿದ. ಅಪ್ಪ ಪಿಯಾನೋ ಹೇಳಿಕೊಡುತ್ತಿದ್ದವನು. ಮಗನೂ ಪಿಯಾನೋ ವಾದಕನಾಗಬೇಕಿತ್ತು, ಆದರೆ ಬಲಗೈಯ ನರಬೇನೆ ಬಿಡಲಿಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಸ್ಟ್ಯಾನ್‌ಫರ್ಡ್ ಬಳಿ ರಚನೆ ಕಲಿತ, ಟ್ರಾಂಬೋನ್ ಹಿಡಿದು ಕಾರ್ಲ್ ರೋಸಾ ಒಪೆರಾ ಕಂಪನಿಯಲ್ಲೂ ಸ್ಕಾಟಿಷ್ ಆರ್ಕೆಸ್ಟ್ರಾದಲ್ಲೂ ಊದಿದ. ಕೊನೆಗೆ 1905ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಗೆ ಸಂಗೀತದ ಮುಖ್ಯಸ್ಥನಾಗಿ ಸೇರಿ 1934ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಉಳಿದ. 1907ರಿಂದ ಮಾರ್ಲಿ ಕಾಲೇಜಿನಲ್ಲಿ, ಹಗಲು ದುಡಿದು ಸಂಜೆ ಕಲಿಯಲು ಬರುವ ದೊಡ್ಡವರಿಗೆ ಪಾಠ. ಸ್ವಂತ ರಚನೆಗೆ ಸಿಗುತ್ತಿದ್ದದ್ದು ಭಾನುವಾರ ಮತ್ತು ರಜೆ. ಎಂದರೆ ಅವನ ಕೃತಿಗಳಲ್ಲಿ ಒಂದು ದೊಡ್ಡ ಪಾಲು ಮುಂದೆ ಕೂತ ಕಲಿಕೆಯವರಿಗೆಂದೇ ಬರೆದದ್ದು. ವಾದ್ಯ ಕಮ್ಮಿ ಬಿದ್ದರೂ ನಡೆಯಬೇಕು, ಹೆಚ್ಚಿದ್ದರೆ ಎಲ್ಲರಿಗೂ ಕೆಲಸ ಇರಬೇಕು. ನಮ್ಮಂಥ ಊರಿಗೆ ಬೇಕಾಗಿರುವುದೂ ಅದೇ.

ಪಾರ್ಟ್ ಸಿಗದೆ ಒದ್ದಾಡುವುದು ಅವನಿಗೂ ಹೊಸದಲ್ಲ. ಇಂಗ್ಲೆಂಡಿನ ಹಳೆಯ ಸಂಗೀತಗಾರ ಪರ್ಸೆಲ್‌ನ ‘ದಿ ಫೇರಿ ಕ್ವೀನ್’ 17ನೇ ಶತಮಾನದ ಕೃತಿ. ಅದನ್ನು 1911ರಲ್ಲಿ ಮಾರ್ಲಿಯವರು ಮತ್ತೆ ಹಾಡಿ ನುಡಿಸಬೇಕೆಂದಾಗ ಪಾರ್ಟ್‌ಗಳೇ ಇರಲಿಲ್ಲ. ವಿದ್ಯಾರ್ಥಿಗಳು ಸುಮಾರು ಒಂದೂವರೆ ವರ್ಷ ಕೂತು 1500 ಪುಟ ಕೈಯಲ್ಲೇ ನಕಲು ಮಾಡಿದರು. ಈಗ ಆ ಕೆಲಸ ಹೈಸ್ಕೂಲ್ ಮೈದಾನದ ಸುತ್ತ ಒಂದು ರೌಂಡ್ ಹಾಕಿ ಬರುವಷ್ಟರಲ್ಲಿ ಮೊಬೈಲ್‌ಗೆ ಇಳಿದಿರುತ್ತದೆ. ಸರಿಯಾಗಿ ಇಳಿದಿದೆಯೇ ಎಂದು ನೋಡುವುದು ಮಾತ್ರ ಈಗಲೂ ನಮ್ಮ ಕೆಲಸವೇ.

ತಾಣದ ಪೂರ್ತಿ ಹೆಸರು ಇಂಟರ್‌ನ್ಯಾಷನಲ್ ಮ್ಯೂಸಿಕ್ ಸ್ಕೋರ್ ಲೈಬ್ರರಿ ಪ್ರಾಜೆಕ್ಟ್. 2006ರಲ್ಲಿ ಎಡ್ವರ್ಡ್ ಗುವೋ ಎಂಬ ವಿದ್ಯಾರ್ಥಿ ಕೆನಡಾದಲ್ಲಿ ಶುರು ಮಾಡಿದ್ದು. 2007ರ ಅಕ್ಟೋಬರ್‌ನಲ್ಲಿ ವಿಯೆನ್ನಾದ ಪ್ರಕಾಶನ ಸಂಸ್ಥೆಯೊಂದರ ಪರವಾಗಿ ಬಂದ ಹಕ್ಕುಸ್ವಾಮ್ಯದ ನೋಟಿಸಿನಿಂದ ಬಾಗಿಲು ಮುಚ್ಚಿತ್ತು, 2008ರ ಜೂನ್ ಕೊನೆಗೆ ಮತ್ತೆ ತೆರೆಯಿತು. ಹಕ್ಕಿನ ಅವಧಿ ಮುಗಿದ ಮುದ್ರಣಗಳನ್ನು ಸ್ವಯಂಸೇವಕರು ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಹುಡುಕುವಾಗ ಮನೆತನದ ಹೆಸರು ಮುಂದೆ ಬರುತ್ತದೆ ಎಂಬುದನ್ನು ನೆನಪಿಡಿ: ‘ಹೋಲ್ಸ್ಟ್, ಗುಸ್ಟಾವ್’. ಕೃತಿಯ ಪುಟ ತೆರೆದರೆ ಪೂರ್ಣ ಸ್ಕೋರ್, ಪಾರ್ಟ್‌ಗಳು, ಬೇರೆಯವರು ಮಾಡಿದ ಅಳವಡಿಕೆಗಳು ಎಂದು ಬೇರೆ ಬೇರೆ ಟ್ಯಾಬ್ ಇರುತ್ತವೆ. ಹೊಸಬರು ಎಡವುವುದು ಇಲ್ಲೇ. ಮೊದಲು ಕಂಡ ಕಡತ ಇಳಿಸಿಕೊಂಡು ಹೋಗುತ್ತಾರೆ, ಪ್ರಿಂಟ್ ತೆಗೆದ ಮೇಲೆ ಅದು ಯಾರೋ ಪಿಯಾನೋಗೆ ಇಳಿಸಿದ ಅಳವಡಿಕೆ ಎಂದು ಗೊತ್ತಾಗುತ್ತದೆ. ಪುಟದ ಕೆಳಗೆ ಕೃತಿಯ ವಿವರದ ಪಟ್ಟಿ ಇರುತ್ತದೆ: ಭಾಗಗಳು, ಬರೆದ ವರ್ಷ, ಮೊದಲ ಪ್ರದರ್ಶನ, ಬೇಕಾದ ವಾದ್ಯಗಳು. ಡೌನ್‌ಲೋಡ್ ಒತ್ತುವ ಮೊದಲು ಆ ವಾದ್ಯಗಳ ಸಾಲು ಓದಿದರೆ ಅರ್ಧ ಖರ್ಚು ಉಳಿಯುತ್ತದೆ. ಹಣ ಕಟ್ಟಿ ಸದಸ್ಯರಾಗದವರನ್ನು ತಾಣ ಪ್ರತಿ ಕಡತಕ್ಕೂ ಸುಮಾರು 15 ಸೆಕೆಂಡು ಕಾಯಿಸುತ್ತದೆ. ಒಂದು ಸ್ಕೋರಿಗೆ ಇದು ಲೆಕ್ಕಕ್ಕಿಲ್ಲ. ಬ್ಯಾಂಡಿನ ಪಾರ್ಟ್‌ಗಳನ್ನು ಒಂದೊಂದಾಗಿ ಇಳಿಸುವಾಗ ತಾಳ್ಮೆ ಬೇಕು, ಅಷ್ಟೇ.

ಕಾನೂನಿನ ಮಾತು. ಭಾರತದಲ್ಲಿ ಕರ್ತೃ ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಹೋಲ್ಸ್ಟ್ ಹೋದದ್ದು 1934ರ ಮೇ 25ರಂದು, ಹಾಗಾಗಿ ಅವನು ಬದುಕಿದ್ದಾಗ ಪ್ರಕಟವಾದ ಕೃತಿಗಳೆಲ್ಲ ಇಲ್ಲಿ ಎಂದೋ ಮುಕ್ತವಾಗಿವೆ. ಆದರೆ ಅವನ ಮಗಳು ಇಮೋಜೆನ್ ಹೋಲ್ಸ್ಟ್ ಪರಿಷ್ಕರಿಸಿದ ಆವೃತ್ತಿಗಳ ವಿಷಯ ಬೇರೆ. ಆಕೆ ಹೋದದ್ದು 1984ರಲ್ಲಿ, ಆ ಸಂಪಾದನೆಯ ಹಕ್ಕು 2044ರ ಕೊನೆಯವರೆಗೂ ನಡೆಯುತ್ತದೆ. ತಾಣ ಕೆಲವು ಕಡತಗಳ ಪಕ್ಕದಲ್ಲಿ ಅಮೆರಿಕದಲ್ಲಿ ಮುಕ್ತವಲ್ಲ, ಯುರೋಪಿನಲ್ಲಿ ಮುಕ್ತವಲ್ಲ ಎಂದು ಎಚ್ಚರಿಸುತ್ತದೆ. ಭಾರತದ ಲೆಕ್ಕ ಹೇಳುವುದಿಲ್ಲ. ಅದನ್ನು ನಾವೇ ಹಾಕಿಕೊಳ್ಳಬೇಕು. ತಾಣಕ್ಕೆ ಕತ್ತರಿಸಿದ ಅರ್ಧ ಅಂಕ ಇದಕ್ಕೆ.

ಈಗ ಇಳಿಸಿಕೊಳ್ಳಲೇಬೇಕಾದ ಕೃತಿ: ‘ಸೇಂಟ್ ಪಾಲ್ಸ್ ಸೂಟ್’, ಓಪಸ್ (ಕೃತಿಸಂಖ್ಯೆ) 29, ಸಂಖ್ಯೆ 2. ಶಾಲೆ 1913ರಲ್ಲಿ ಹೊಸ ಸಂಗೀತ ವಿಭಾಗ ಕಟ್ಟಿ, ಹೊರಗಿನ ಸದ್ದು ಒಳಬಾರದ ಕೋಣೆಯೊಂದನ್ನು ಹೋಲ್ಸ್ಟ್‌ಗೆ ಕೊಟ್ಟಿತು. ಅಲ್ಲಿ ಮುಗಿಸಿದ ಮೊದಲ ಕೃತಿಗಳಲ್ಲಿ ಇದೂ ಒಂದು. ಶಾಲೆಯ ವಾದ್ಯವೃಂದಕ್ಕೆಂದೇ ಬರೆದದ್ದು, ಅಚ್ಚಾದದ್ದು 1922ರಲ್ಲಿ. ಎಲ್ಲ ತಂತಿವಾದ್ಯ: ಮೊದಲ ಪಿಟೀಲು, ಎರಡನೇ ಪಿಟೀಲು, ವಿಯೋಲ, ಚೆಲ್ಲೋ, ಡಬಲ್ ಬಾಸ್. ನಾಲ್ಕು ಭಾಗ, ಎಲ್ಲ ಸೇರಿ ಹದಿಮೂರು ನಿಮಿಷದ ಆಸುಪಾಸು.

ಮೊದಲ ಭಾಗ ‘ಜಿಗ್’. ಇಲ್ಲಿ 6/8 ಮತ್ತು 9/8 ಅಕ್ಕಪಕ್ಕ ಬರುತ್ತವೆ. ನಮ್ಮ ಲೆಕ್ಕದಲ್ಲಿ ತಿಶ್ರದ ನಡೆ ಬದಲಾಗುವುದಿಲ್ಲ, ಒಂದು ಬಾರ್‌ನಲ್ಲಿ, ಎಂದರೆ ನೊಟೇಶನ್ನಿನ ಒಂದು ಆವರ್ತದಲ್ಲಿ, ಎರಡು ತಕಿಟ, ಇನ್ನೊಂದರಲ್ಲಿ ಮೂರು. ಮಕ್ಕಳು ತಪ್ಪುವುದು 9/8 ಮುಗಿದು ಮುಂದಿನ ಬಾರ್ ಹಿಡಿಯುವಾಗ. ಮೂರನೇ ತಕಿಟ ನುಂಗಿ ಮುಂದಕ್ಕೆ ಹಾರುತ್ತಾರೆ. ವಾದ್ಯ ಕೆಳಗಿಟ್ಟು ಕೈತಾಳದಲ್ಲಿ ಬಾಯಿಪಾಠ ಮಾಡಿಸಿದರೆ ಬೇಗ ಸರಿಹೋಗುತ್ತದೆ. ಕೊನ್ನಕೋಲು ಕೇಳಿ ಬೆಳೆದ ಮಕ್ಕಳಿಗೆ ಇದು ಇಂಗ್ಲೆಂಡಿನ ಮಕ್ಕಳಿಗಿಂತ ಸುಲಭ ಎಂದರೂ ತಪ್ಪಿಲ್ಲ. ಎರಡನೆಯ ಭಾಗ ‘ಆಸ್ಟಿನಾಟೋ’ದಲ್ಲಿ ಎರಡನೇ ಪಿಟೀಲಿನವರು ಒಂದೇ ಪುಟ್ಟ ಸ್ವರಗುಚ್ಛವನ್ನು ಉದ್ದಕ್ಕೂ ನುಡಿಸುತ್ತಿರಬೇಕು. ಮೇಲೆ ರಾಗ ಬಂದಾಗಲೆಲ್ಲ ಅವರೂ ಜೋರಾಗುತ್ತಾರೆ, ಆಗ ರಾಗ ಮುಚ್ಚಿಹೋಗುತ್ತದೆ. ಕಮಾನಿನ ನಡುಭಾಗದಲ್ಲಿ ಒಂದು ಗೇಣಿಗಿಂತ ಕಮ್ಮಿ ಅಂತರ ಮಾತ್ರ ಎಳೆಯಲು ಹೇಳಿ. ಸಪ್ಪೆ ಪಾರ್ಟ್ ಎಂದು ಹೊಸಬರನ್ನು ಇಲ್ಲಿ ಕೂರಿಸಬೇಡಿ, ಲಯ ಗಟ್ಟಿಯಿರುವವರೇ ಬೇಕು. ಮೂರನೆಯ ‘ಇಂಟರ್ಮೆಝೋ’ದಲ್ಲಿ ಒಬ್ಬ ಪಿಟೀಲುವಾದಕ ಒಂಟಿಯಾಗಿ ನುಡಿಸುತ್ತಾನೆ, ಉಳಿದವರು ಬೆರಳಿನಿಂದ ತಂತಿ ಮೀಟುತ್ತಾರೆ. ಎಲ್ಲರೂ ಒಟ್ಟಿಗೆ ಮೀಟುವುದೇ ಕಷ್ಟ. ಸೋಲೋ ನುಡಿಸುವವರ ಉಸಿರು ನೋಡಿ ಮೀಟಬೇಕು, ಕಾಗದ ನೋಡಿ ಅಲ್ಲ.

ಕೊನೆಯ ಭಾಗವೇ ಈ ಕೃತಿಯ ಜೀವ. ‘ಡಾರ್ಗಸನ್’ ಎಂಬ ಹಳೆಯ ಕುಣಿತದ ಧಾಟಿ, ಬರೀ ಎಂಟು ಬಾರ್, ಮುಗಿಯುವ ಜಾಗವೇ ಇಲ್ಲದೆ ಸುತ್ತುತ್ತದೆ. ಅದರ ನಡುವೆ ಚೆಲ್ಲೋಗಳು ‘ಗ್ರೀನ್‌ಸ್ಲೀವ್ಸ್’ ಎಂಬ ಇನ್ನೊಂದು ಜನಪದ ಧಾಟಿಯನ್ನು ನಿಧಾನವಾಗಿ ಎತ್ತಿಕೊಳ್ಳುತ್ತವೆ. ಡಾರ್ಗಸನ್ 6/8, ಗ್ರೀನ್‌ಸ್ಲೀವ್ಸ್ 3/4, ಬಾರ್‌ನ ಉದ್ದ ಎರಡಕ್ಕೂ ಒಂದೇ. ಅದೇ ಆರು ಅಕ್ಷರವನ್ನು ಒಬ್ಬರು ‘ತಕಿಟ ತಕಿಟ’ ಎನ್ನುತ್ತಿರುವಾಗ ಇನ್ನೊಬ್ಬರು ‘ತಕ ತಕ ತಕ’ ಎನ್ನಬೇಕು. ಆರನ್ನೂ ಎಣಿಸುತ್ತ ಕೂತರೆ ಇಬ್ಬರೂ ಕೆಡುತ್ತಾರೆ. ಬಾರ್‌ಗೆ ಒಂದೇ ಪೆಟ್ಟು ಕೊಟ್ಟು ನಡೆಸಿದರೆ ಎರಡೂ ತಾವಾಗಿ ಕೂಡುತ್ತವೆ. ಕೊನೆಯಲ್ಲಿ ಒಂಟಿ ಪಿಟೀಲು ತಾರಕ್ಕೆ ಹತ್ತಿಹೋಗಿ, ಕೆಳಗೆ ಮಂದ್ರ ಮಾತ್ರ ಉಳಿದು, ಕೇಳುವವರು ಮುಗಿಯಿತು ಎಂದುಕೊಳ್ಳುವ ಹೊತ್ತಿಗೆ ಎಲ್ಲರೂ ಸೇರಿ ಒಂದು ಗುದ್ದು. ಮೇಷ್ಟ್ರಿಗೆ ತುಂಟತನ ಇತ್ತು.

ಇದನ್ನು ನುಡಿಸಲು ಊರಲ್ಲಿ ಎದುರಾಗುವ ಅಡ್ಡಿಗಳು ಎರಡು. ಒಂದು, ಇಲ್ಲಿಯ ಪಿಟೀಲುಗಳು ಹೆಚ್ಚಾಗಿ ಕರ್ನಾಟಕ ಸಂಗೀತಕ್ಕೆ ಹೊಂದಿಸಿದವು: ಸ-ಪ-ಸ-ಪ. ಅಂದರೆ ನಡುವಿನ ಎರಡು ತಂತಿಗಳ ಅಂತರ ಪಂಚಮದಿಂದ ಮೇಲಿನ ಷಡ್ಜಕ್ಕೆ. ಪಾಶ್ಚಾತ್ಯ ಕ್ರಮದಲ್ಲಿ ಜಿ, ಡಿ, ಎ, ಇ, ಎಲ್ಲ ಅಂತರವೂ ಷಡ್ಜದಿಂದ ಪಂಚಮದಷ್ಟು. ಇಳಿಸಿದ ಶ್ರುತಿಗೆ ಕಟ್ಟಿದ ತಂತಿಯನ್ನೇ ಇ ತನಕ ತಿರುಗಿಸಿದರೆ ಕಡಿಯುತ್ತದೆ. ಪಾಶ್ಚಾತ್ಯ ಸೆಟ್ ಬೇರೆ ಹಾಕಿ, ಅದೂ ಒಂದು ತೆಗೆದು ಒಂದು ಹಾಕಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ ಜಾರುತ್ತದೆ, ಒಳಗಿನ ಸೌಂಡ್‌ಪೋಸ್ಟ್ ಎಂಬ ಮರದ ಕಡ್ಡಿ ಬಿದ್ದುಹೋಗುತ್ತದೆ, ಅದನ್ನು ನಿಲ್ಲಿಸಿಕೊಡುವವರನ್ನು ಹುಡುಕಿಕೊಂಡು ಅಲೆಯಬೇಕು. ನೆಲದ ಮೇಲೆ ಕೂತು ನುಡಿಸುವವರಿಗೆ ನಿಲ್ಲುವ ಸ್ಟ್ಯಾಂಡ್ ಎತ್ತರವಾಗುತ್ತದೆ, ಹಾರ್ಮೋನಿಯಂ ಪೆಟ್ಟಿಗೆಯಷ್ಟು ಎತ್ತರದಲ್ಲಿ ಕಾಗದ ಇರಲಿ.

ಎರಡನೆಯದು, ವಿಯೋಲ. ಅದು ಇಲ್ಲಿ ಸಿಗುವುದು ಅಪರೂಪ, ಮೂರನೇ ಪಿಟೀಲಿಗೆ ಆ ಪಾರ್ಟ್ ಕೊಡಬೇಕಾಗುತ್ತದೆ. ವಿಯೋಲದ ಪಾರ್ಟ್ ಆಲ್ಟೋ ಕ್ಲೆಫ್‌ನಲ್ಲಿ (ಕ್ಲೆಫ್ ಎಂದರೆ ಯಾವ ಗೆರೆ ಯಾವ ಸ್ವರ ಎಂದು ಹೇಳುವ ಗುರುತು) ಇರುತ್ತದೆ, ನಡುವಿನ ಗೆರೆ ಎಂದರೆ ನಡು ಸಿ. ಪಿಟೀಲಿನವರಿಗೆ ಒಂದು ಉಪಾಯ: ರೂಢಿಯ ಕ್ಲೆಫ್ ಎಂದೇ ಓದಿ, ಒಂದು ಸ್ವರ ಮೇಲಕ್ಕೆ ಸರಿದು, ಒಂದು ಸ್ಥಾಯಿ ಕೆಳಗೆ ನುಡಿಸಬೇಕು. ಸಾಲು ಸಾಲು ಹೀಗೆ ಲೆಕ್ಕ ಹಾಕುತ್ತ ನುಡಿಸಲಾಗದು. ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಒಮ್ಮೆ ಬರೆದು ಕ್ಲೆಫ್ ಬದಲಿಸಿಟ್ಟುಕೊಳ್ಳುವುದು ವಾಸಿ. ಪಿಟೀಲಿನ ಕೆಳಗಿನ ಜಿಗಿಂತ ತಗ್ಗಿನ ಸ್ವರ ಬಂದಾಗ ಆ ಪದಗುಚ್ಛವನ್ನು ಇಡಿಯಾಗಿ ಒಂದು ಸ್ಥಾಯಿ ಏರಿಸಿ. ಒಂದೊಂದೇ ಸ್ವರ ಏರಿಸಿದರೆ ರಾಗ ಮುರಿದ ಹಲ್ಲಿನ ಬಾಚಣಿಗೆಯಂತೆ ಕೇಳುತ್ತದೆ. ಚೆಲ್ಲೋ ಇಲ್ಲದಿದ್ದರೆ ಕೀಬೋರ್ಡ್ ನಡೆಯುತ್ತದೆ, ಆದರೆ ‘ಸ್ಟ್ರಿಂಗ್ಸ್’ ಎಂಬ ಗುಂಪುದನಿ ಬೇಡ, ಒಂಟಿ ಚೆಲ್ಲೋ ದನಿ ಇಡಿ.

ಬ್ಯಾಂಡ್‌ಸೆಟ್ ಇರುವ ಊರಿಗೆ ಎರಡನೆಯ ಉಡುಗೊರೆ, 1909ರ ‘ಫಸ್ಟ್ ಸೂಟ್ ಇನ್ ಇ-ಫ್ಲಾಟ್’. ಮಿಲಿಟರಿ ಬ್ಯಾಂಡ್‌ಗೆ ಬರೆದದ್ದು. ಮೂರು ಭಾಗ: ಚಕೋನ್, ಇಂಟರ್ಮೆಝೋ, ಮಾರ್ಚ್. ತಗ್ಗಿನ ವಾದ್ಯಗಳಾದ ಟ್ಯೂಬಾ, ಯುಫೋನಿಯಂ ಎಂಟು ಬಾರ್‌ಗಳ ಒಂದು ಧಾಟಿ ಹಾಕಿಕೊಟ್ಟು ಶುರು. ಅದೇ ಧಾಟಿ ಮೇಲೆ, ಕೆಳಗೆ, ನಡುವೆ ಒಂದು ಕಡೆ ತಲೆಕೆಳಗಾಗಿಯೂ ಬರುತ್ತದೆ. ಮೊದಲ ಮೂರು ಸ್ವರ ಇ-ಫ್ಲಾಟ್, ಎಫ್, ಸಿ. ಇ-ಫ್ಲಾಟನ್ನು ಷಡ್ಜ ಎಂದುಕೊಂಡರೆ ಸ ರಿ ದ, ರಿಷಭವೂ ಧೈವತವೂ ಚತುಶ್ರುತಿ. ಮೂರೂ ಭಾಗಗಳ ಬೀಜ ಇದೇ, ಹಾಗಾಗಿ ನಡುವೆ ನಿಲ್ಲಿಸದೆ ನುಡಿಸಿ ಎಂದು ಹೋಲ್ಸ್ಟ್ ಕೇಳಿಕೊಂಡಿದ್ದಾನೆ. ಮದುವೆ ಬ್ಯಾಂಡಿನಲ್ಲಿ ಕಿವಿಯಿಂದಲೇ ಕಲಿತವರಿಗೂ ಈ ಮೂರು ಸ್ವರ ಹಾಡಿ ತೋರಿಸಿದರೆ ದಾರಿ ಹತ್ತುತ್ತದೆ.

ಪಾರ್ಟ್ ಹಂಚುವಾಗ ಲೆಕ್ಕ ನೋಡಿ. ಹಲವು ಪಾರ್ಟ್‌ಗಳ ಮೇಲೆ ‘ಆಡ್ ಲಿಬ್’ ಎಂದಿರುತ್ತದೆ, ಅವು ಇಲ್ಲದಿದ್ದರೂ ಕೃತಿ ನಿಲ್ಲುತ್ತದೆ. ಬಿ-ಫ್ಲಾಟ್ ಎಂದು ನಮೂದಿಸಿರುವ ಕ್ಲಾರಿನೆಟ್, ಕಾರ್ನೆಟ್, ಟ್ರಂಪೆಟ್‌ಗಳು ಬರೆದದ್ದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ಕೇಳಿಸುತ್ತವೆ. ಅವರ ಪಾರ್ಟನ್ನು ಹಾಗೇ ಕೀಬೋರ್ಡ್‌ಗೆ ಕೊಟ್ಟರೆ ಅಪಸ್ವರ ಗ್ಯಾರಂಟಿ. ಹಳೆಯ ಬ್ರಿಟಿಷ್ ಮುದ್ರಣದಲ್ಲಿ ಹಾರ್ನ್ ಪಾರ್ಟ್‌ಗಳು ಇ-ಫ್ಲಾಟ್‌ನಲ್ಲಿವೆ. ಹಾರ್ನ್ ಇಲ್ಲದ ಊರಿಗೆ ಇದು ಅನುಕೂಲವೇ ಆಯಿತು, ಆಲ್ಟೋ ಸ್ಯಾಕ್ಸೊಫೋನ್ ಕೂಡ ಇ-ಫ್ಲಾಟ್ ವಾದ್ಯ, ಏನೂ ಬದಲಿಸದೆ ಅದೇ ಕಾಗದ ನುಡಿಸಬಹುದು. ಒಂದು ಕೊರತೆ: 1921ರಲ್ಲಿ ಅಚ್ಚಾದಾಗ ಜೊತೆಗೆ ಬಂದದ್ದು ಸಂಕ್ಷಿಪ್ತ ಸ್ಕೋರ್. ಪೂರ್ಣ ಸ್ಕೋರ್ ಅಚ್ಚಾದದ್ದು 1948ರಲ್ಲಿ, ಹೋಲ್ಸ್ಟ್ ಹೋದ ಮೇಲೆ. ಸಂಕ್ಷಿಪ್ತದಲ್ಲಿ ಯಾರು ಯಾವ ಸ್ವರ ನುಡಿಸುತ್ತಿದ್ದಾರೆ ಎಂಬುದು ಪೂರ್ತಿ ಕಾಣುವುದಿಲ್ಲ, ತಪ್ಪು ಹುಡುಕಲು ಪಾರ್ಟ್‌ಗಳನ್ನೇ ಪಕ್ಕದಲ್ಲಿ ಹರಡಿಕೊಳ್ಳಬೇಕು.

1911ರ ‘ಸೆಕೆಂಡ್ ಸೂಟ್ ಇನ್ ಎಫ್’ ಇದರ ತಮ್ಮ. ಮೇಲೆ ಹೇಳಿದ ಡಾರ್ಗಸನ್ ಮೂಲತಃ ಇದರ ಕೊನೆಯ ಭಾಗ, ತಂತಿವಾದ್ಯಗಳಿಗೆ ಆಮೇಲೆ ಇಳಿಸಿದ್ದು. ಮೂರನೆಯ ಭಾಗ ಕಮ್ಮಾರನ ಹಾಡು, ಅಡಿಗಲ್ಲಿನ ಮೇಲೆ ಸುತ್ತಿಗೆ ಪೆಟ್ಟು ಬೀಳಬೇಕು. ಅದಕ್ಕೆ ಮಾತ್ರ ಬೆಂಗಳೂರಿಗೆ ಹೇಳಿ ಕಳಿಸಬೇಕಾಗಿಲ್ಲ.

‘ದಿ ಪ್ಲಾನೆಟ್ಸ್’ ಇಳಿಸಬೇಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ, ಹೋಲ್ಸ್ಟ್ ಹೆಸರು ಉಳಿದಿರುವುದೇ 1914ರಿಂದ 1917ರವರೆಗೆ ಬರೆದ ಆ ಗ್ರಹಮಾಲೆಯಿಂದ. ಓದಲು ಇಳಿಸಿ, ನುಡಿಸಲು ಬೇಡ. ಆರು ಹಾರ್ನ್, ನಾಲ್ಕು ಟ್ರಂಪೆಟ್, ಎರಡು ಹಾರ್ಪ್, ಆರ್ಗನ್, ಬಾಸ್ ಓಬೋ, ಇಬ್ಬರು ನುಡಿಸುವ ಆರು ಟಿಂಪನಿ, ಕೊನೆಗೆ ಕಣ್ಣಿಗೆ ಕಾಣದ ಹೆಣ್ಣುದನಿಗಳ ಗುಂಪು. ಕೈನೋವಿನಿಂದ ಹೋಲ್ಸ್ಟ್ ತಾನೇ ಪೂರ್ತಿ ಬರೆಯಲಾಗದೆ ಶಾಲೆಯ ಸಹೋದ್ಯೋಗಿಗಳಾದ ವ್ಯಾಲಿ ಲಾಸ್ಕರ್ ಮತ್ತು ನೋರಾ ಡೇ ಸ್ಕೋರ್ ಬರೆದುಕೊಟ್ಟರು ಎಂಬುದು ನೆನಪಿರಲಿ. ಆದರೂ ‘ಮಾರ್ಸ್’ನ ಮೊದಲ ಪುಟವನ್ನು ಮೃದಂಗದ ತರಗತಿಗೆ ತೆಗೆದುಕೊಂಡು ಹೋಗಬಹುದು. ಐದು ಪೆಟ್ಟಿನ ಬಾರ್: ತಕಿಟ, ತಾ, ತಾ, ತಕ, ತಾ. ಐದೂ ಪೆಟ್ಟು ಸಮ, ಮೊದಲ ಪೆಟ್ಟಿನಲ್ಲಿ ಮೂರು, ನಾಲ್ಕನೆಯದರಲ್ಲಿ ಎರಡು. ಖಂಡ ಗೊತ್ತಿರುವವರು ಇದನ್ನು ಎರಡನೇ ಸುತ್ತಿಗೇ ಹಿಡಿಯುತ್ತಾರೆ. ತಪ್ಪುವುದು ತಕಿಟವನ್ನು ಅವಸರ ಮಾಡಿದಾಗ.

ಇನ್ನು ನಮ್ಮವರಿಗೆ ಕುತೂಹಲದ ಗಂಟು. ಹೋಲ್ಸ್ಟ್ ಸಂಸ್ಕೃತ ಕಲಿಯಲು ಮೇಬಲ್ ಬೋಡ್ ಎಂಬ ವಿದುಷಿಯ ಬಳಿ ಹೋದ, ಋಗ್ವೇದದ ಸೂಕ್ತಗಳನ್ನು ತಾನೇ ಇಂಗ್ಲಿಷಿಗೆ ತಂದು ಹಾಡಾಗಿಸಿದ. ‘ಕೋರಲ್ ಹಿಮ್ಸ್ ಫ್ರಮ್ ದಿ ರಿಗ್ ವೇದ’ ನಾಲ್ಕು ಗುಂಪು, ಓಪಸ್ 26. ಇವುಗಳಲ್ಲಿ ಮೂರನೇ ಗುಂಪು ಹೆಣ್ಣುದನಿಗಳಿಗೆ, ಹಾರ್ಪ್ ಅಥವಾ ಪಿಯಾನೋ ಜೊತೆ. ಉಷೆ, ಅಪ್ಪುಗಳು (ನೀರು), ವೇನ, ಪಥಿಕರು ಎಂದು ನಾಲ್ಕು ಹಾಡು. ಪಿ.ಯು. ಕಾಲೇಜಿನ ಹುಡುಗಿಯರ ಗಾಯನ ತಂಡಕ್ಕೆ ಕೈಗೆಟುಕುವಂಥದ್ದು, ಕೀಬೋರ್ಡ್ ಒಂದಿದ್ದರೆ ಸಾಕು. ವೇದಘೋಷ ಕೇಳಲು ಸಿಗುತ್ತದೆ ಎಂದು ಹೋಗಬೇಡಿ. ಉದಾತ್ತ ಅನುದಾತ್ತ ಇಲ್ಲಿಲ್ಲ, ಇರುವುದು ಇಂಗ್ಲಿಷ್ ಮಾತು, ಇಂಗ್ಲಿಷ್ ಗಾಯನ.

ನಮ್ಮ ಮಟ್ಟಿಗೆ ಈ ಊರಿಗೆ ತಕ್ಕದ್ದು 1908ರ ‘ಸಾವಿತ್ರಿ’. ಮಹಾಭಾರತದ ಕಥೆ, ಅರ್ಧ ಗಂಟೆಯ ಒಪೆರಾ. ಪಾತ್ರ ಮೂರೇ: ಸಾವಿತ್ರಿ, ಸತ್ಯವಾನ, ಮೃತ್ಯು. ಮುನ್ನುಡಿ ಸಂಗೀತ ಇಲ್ಲ, ಪಕ್ಕವಾದ್ಯ ಇಲ್ಲದೆ ಮೃತ್ಯುವಿನ ದನಿಯಿಂದಲೇ ಶುರು. ವಾದ್ಯಗಳು ಹನ್ನೆರಡು: ಎರಡು ತಂತಿವಾದ್ಯ ಚತುಷ್ಟಯ, ಒಂದು ಡಬಲ್ ಬಾಸ್, ಎರಡು ಕೊಳಲು, ಓಬೋ ಜಾತಿಯ ಒಂದು ಕೋರ್ ಆಂಗ್ಲೇ. ಜೊತೆಗೆ ಮಾತಿಲ್ಲದೆ ಹಾಡುವ ಹೆಣ್ಣುದನಿಗಳು. ಬಯಲಲ್ಲೋ ಸಣ್ಣ ಸಭಾಂಗಣದಲ್ಲೋ ಆಡಿ, ಪರದೆ ಬೇಕಿಲ್ಲ ಎಂಬುದು ಕರ್ತೃವಿನ ಅಪ್ಪಣೆ. 1916ರಲ್ಲಿ ಲಂಡನ್ನಿನಲ್ಲಿ ಮೊದಲು ಆಡಿದವರೂ ಕಲಿಕೆಯವರೇ. ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ಕಂಡ ಊರಿಗೆ ಈ ಕಥೆ ಹೇಳಿಕೊಡಬೇಕೇ? ಪಿಯಾನೋ ಜೊತೆಗಿನ ಗಾಯನ ಸ್ಕೋರ್ ಇಟ್ಟುಕೊಂಡು ಅಭ್ಯಾಸ ಶುರು ಮಾಡಬಹುದು. ಕೋರ್ ಆಂಗ್ಲೇ ಸಿಗದು, ಅದಕ್ಕೆ ಕ್ಲಾರಿನೆಟ್ ಕೊಡುವುದಾದರೆ ಮತ್ತೆ ಬರೆಯಬೇಕು: ಅದು ಎಫ್ ವಾದ್ಯ, ಇದು ಬಿ-ಫ್ಲಾಟ್.

ಉಳಿದ ಅರ್ಧ ಅಂಕದ ವಿಷಯ, ಪ್ರಿಂಟ್. ಎ.ವಿ.ಕೆ. ಕಾಲೇಜು ರಸ್ತೆ ಇರಲಿ, ವಿದ್ಯಾನಗರ ಇರಲಿ, ಝೆರಾಕ್ಸ್ ಅಂಗಡಿಗೆ ಕಡತ ವಾಟ್ಸಾಪ್‌ನಲ್ಲಿ ಕಳಿಸುವುದು ರೂಢಿ. ಪಿಡಿಎಫ್ ಅನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ. ಸ್ಕ್ರೀನ್‌ಶಾಟ್ ತೆಗೆದು ಫೋಟೋ ಆಗಿ ಕಳಿಸಿದರೆ ಅದು ಹಿಂಡಿಹೋಗಿ, ಐದು ಗೆರೆಗಳ ನಡುವಿನ ಚುಕ್ಕಿ, ಶಾರ್ಪ್ ಗುರುತು ಮಸಿಯಾಗುತ್ತವೆ. ಹಳೆಯ ಪಾರ್ಟ್‌ಗಳು ಎ4ಗಿಂತ ದೊಡ್ಡ ಹಾಳೆಯವು, ಸುತ್ತ ಅಗಲ ಅಂಚು ಬೇರೆ ಇರುತ್ತದೆ. ಹಾಗೇ ಕೂರಿಸಿದರೆ ಅಂಚೂ ಸೇರಿ ಕುಗ್ಗಿ, ಗೆರೆಪಟ್ಟಿ ಓದಲಾರದಷ್ಟು ಸಣ್ಣದಾಗುತ್ತದೆ. ಮೊದಲು ಅಂಚು ಕತ್ತರಿಸಿ, ಆಮೇಲೆ ಪುಟಕ್ಕೆ ಹೊಂದಿಸಿ. ಐದು ಗೆರೆಗಳ ಎತ್ತರ 7 ಮಿ.ಮೀ. ಇದ್ದರೆ ಇಬ್ಬರು ಒಂದೇ ಸ್ಟ್ಯಾಂಡ್ ನೋಡಬಹುದು. ಪೂರ್ಣ ಸ್ಕೋರನ್ನು ಎ3ಯಲ್ಲೇ ತೆಗೆಯಿರಿ. ಬೂದು ಛಾಯೆ ಬೇಡ, ಬರೀ ಕಪ್ಪು-ಬಿಳುಪು ಎಂದು ಹೇಳಿ, ಇಲ್ಲದಿದ್ದರೆ ಹಳೆಯ ಕಾಗದದ ಹಳದಿಯೂ ಮಬ್ಬಾಗಿ ಅಚ್ಚಾಗುತ್ತದೆ.

ಕಾಗದ ಮಾಮೂಲಿ 70 ಜಿಎಸ್‌ಎಂ ಆದರೆ ಹಿಂಬದಿ ಕಾಣುತ್ತದೆ, ಫ್ಯಾನ್ ಗಾಳಿಗೂ ಹಾರುತ್ತದೆ. 100 ಜಿಎಸ್‌ಎಂ ಕೇಳಿ. ಪಾರ್ಟ್‌ಗಳಿಗೆ ಸ್ಪೈರಲ್ ಹಾಕಿಸಬೇಡಿ. ಹಳೆಯ ಮುದ್ರಕರು ಬಲಪುಟದ ಕೊನೆಯಲ್ಲಿ ವಿರಾಮ ಬರುವಂತೆ ಜೋಡಿಸಿರುತ್ತಾರೆ, ಮೊದಲ ಪುಟ ಎಡಕ್ಕೆ ಬಂದರೆ ಆ ಲೆಕ್ಕವೆಲ್ಲ ಕೆಟ್ಟು, ನಡುರಾಗದಲ್ಲಿ ಪುಟ ತಿರುಗಿಸಬೇಕಾಗುತ್ತದೆ. ಒಂದೇ ಬದಿಗೆ ಅಚ್ಚು ಹಾಕಿಸಿ, ಮೂಲದಲ್ಲಿದ್ದಂತೆ ಎಡ-ಬಲ ಜೋಡಿಸಿ, ಹಿಂಬದಿಗೆ ಟೇಪ್ ಅಂಟಿಸಿ ಮಡಚುವ ಪಟ್ಟಿ ಮಾಡಿಕೊಳ್ಳಿ. ಕಮಾನಿನ ಗುರುತು ಹಾಕಲು ಪೆನ್ಸಿಲ್ ಮಾತ್ರ. ಮೊದಲ ಪಿಟೀಲಿನ ಪ್ರತಿಗೆ ಗುರುತೆಲ್ಲ ಹಾಕಿ ಮುಗಿಸಿದ ಮೇಲೆ ಅದನ್ನೇ ಆ ಪಾರ್ಟ್ ನುಡಿಸುವ ಉಳಿದವರಿಗೆ ಝೆರಾಕ್ಸ್ ಮಾಡಿಸಿ. ಖಾಲಿ ಪ್ರತಿ ಹಂಚಿದರೆ ಮೊದಲ ಅಭ್ಯಾಸ ಪೂರ್ತಿ ಗುರುತು ಹಾಕುವುದರಲ್ಲೇ ಕಳೆಯುತ್ತದೆ.